ಏಡಿಯ ಲೆಕ್ಕ ಇಡುವವರು

ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ಮೃಗಶಿರಾ ಮಳೆ ಹಿಡಿದಿರುತ್ತದೆ ಎಂಬುದು ನಮ್ಮ ನಿರೀಕ್ಷೆ. ಗದ್ದೆಯಂಚಿನ ಮಣ್ಣು ಮೆತ್ತಗಾದೊಡನೆ ಏಡಿಗಳು ಬಿಲದ ಬಾಯಿಗೆ ಬರುತ್ತವೆ. ರಾತ್ರಿ ಟಾರ್ಚು ಹಿಡಿದು ಹಳ್ಳದ ಬದಿಗೆ ಹೊರಟವರಿಗೆ ಹೊಟ್ಟೆಯಡಿ ಮರಿಗಳನ್ನು ಹೊತ್ತ ಹೆಣ್ಣೇಡಿಗಳೂ ಕಾಣಸಿಗುತ್ತವೆ. ಈ ಸಲದ ಸಂಪಾದಕೀಯ ಏಡಿಯನ್ನು ಕುರಿತದ್ದು. ಇನ್ನೂ ಸರಿಯಾಗಿ ಹೇಳುವುದಾದರೆ, ಏಡಿ ಮತ್ತು ಅದರ ಬಂಧುಬಳಗದ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ತಪ್ಪದೆ ಇಡುತ್ತ ಬಂದಿರುವ ಒಂದು ವಿದ್ವತ್ ಸಂಘವನ್ನೂ, ಅಂಥ ಲೆಕ್ಕ ಇಲ್ಲದ ನಮ್ಮ ಮಲೆನಾಡಿನ ಸ್ಥಿತಿಯನ್ನೂ ಕುರಿತದ್ದು. ಅಣೆಕಟ್ಟು, ಗಣಿಗಾರಿಕೆ, ನದಿ ತಿರುವುಗಳ ಗದ್ದಲದ ನಡುವೆ ಏಡಿಗೊಂದು ಸಂಪಾದಕೀಯವೇ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಅವರು ಕೊನೆಯ ತನಕ ಓದಲಿ ಎಂದಷ್ಟೇ ನಮ್ಮ ಕೋರಿಕೆ.

ಏಡಿ, ಸಿಗಡಿ, ಬಂಡೆಗೆ ಅಂಟಿ ಬದುಕುವ ಬಾರ್ನಕಲ್, ಕೊಳೆತ ಎಲೆಯಡಿ ಮುಟ್ಟಿದೊಡನೆ ಉಂಡೆಯಾಗುವ ಬೂದುಬಣ್ಣದ ಪುಟ್ಟ ಜೀವಿ, ಕೆರೆಯ ನೀರಿನಲ್ಲಿ ಬರಿಗಣ್ಣಿಗೆ ಚುಕ್ಕೆಯಂತೆ ಕುಪ್ಪಳಿಸುವ ಸೈಕ್ಲಾಪ್ಸ್, ಇವೆಲ್ಲವೂ ಕಠಿಣಚರ್ಮಿಗಳೆಂಬ ಒಂದೇ ವಂಶಕ್ಕೆ ಸೇರಿದವು. ಇದುವರೆಗೆ ವಿವರಿಸಲ್ಪಟ್ಟ ಪ್ರಭೇದಗಳೇ 60,000ಕ್ಕೂ ಮಿಕ್ಕಿವೆ. ಇವುಗಳ ಅಧ್ಯಯನಕ್ಕೆಂದೇ 1980ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ದಿ ಕ್ರಸ್ಟೇಶಿಯನ್ ಸೊಸೈಟಿ. ಮರುವರ್ಷವೇ ಅದು ‘ಜರ್ನಲ್ ಆಫ್ ಕ್ರಸ್ಟೇಶಿಯನ್ ಬಯಾಲಜಿ’ ಎಂಬ ತ್ರೈಮಾಸಿಕವನ್ನು ಆರಂಭಿಸಿತು. ಅದರ ಮೊದಲ ಸಂಪಾದಕ ಆರ್ಥರ್ ಹ್ಯೂಮ್ಸ್ ತಮ್ಮ ಜೀವಮಾನವನ್ನು ಕಳೆದದ್ದು ಇತರ ಕಡಲಜೀವಿಗಳ ಮೈಮೇಲೆ ಬದುಕುವ ಕೋಪಿಪಾಡ್‌ಗಳ ಮೇಲೆ. ಸಾಸಿವೆಯಷ್ಟೂ ದೊಡ್ಡದಲ್ಲದ ಜೀವಿಗಳವು.

ಈ ಸಂಘದ ಒಂದು ವರ್ಷ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿದರೆ ಅಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ. ವಾರ್ಷಿಕ ಸಭೆ, ಬಹುಕಾಲದ ರೂಢಿಯಂತೆ ಜನವರಿಯ ಆರಂಭದಲ್ಲಿ, ಪ್ರಾಣಿಶಾಸ್ತ್ರದ ಇನ್ನೊಂದು ದೊಡ್ಡ ಸಂಘದೊಡನೆ ಕೂಡಿ. ವರ್ಷದ ನಡುವೆ ಇನ್ನೊಂದು ಸಭೆ, ಸಾಧ್ಯವಾದಷ್ಟೂ ಬೇರೆ ದೇಶದಲ್ಲಿ: 2009ರಲ್ಲಿ ಟೋಕಿಯೊ, 2012ರಲ್ಲಿ ಅಥೆನ್ಸ್, 2013ರಲ್ಲಿ ಕೋಸ್ಟಾರಿಕಾ, 2017ರಲ್ಲಿ ಬಾರ್ಸಿಲೋನಾ, 2019ರಲ್ಲಿ ಹಾಂಗ್‌ಕಾಂಗ್. ಪತ್ರಿಕೆಯ ಸಂಚಿಕೆಗಳು. ವಿದ್ಯಾರ್ಥಿಗಳ ಉತ್ತಮ ಪ್ರಬಂಧಕ್ಕೆ, ಭಿತ್ತಿಪತ್ರಕ್ಕೆ ಬಹುಮಾನ. ಸಂಶೋಧನೆಗೆ ಹೊರಟ ಕಿರಿಯರಿಗೆ ಕಿರುನಿಧಿ. ಪದಾಧಿಕಾರಿಗಳ ಚುನಾವಣೆ, ಖಜಾಂಚಿಯ ವರದಿ. ಅಗಲಿದ ಸದಸ್ಯರ ನೆನಪಿನ ಬರಹ. ನಮ್ಮ ಊರಿನ ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯ ನಡವಳಿ ಪುಸ್ತಕವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ತೋರದು. ಅವರಿಗೂ ನಮ್ಮಂತೆಯೇ ಒಂದು ವಾರ್ತಾಪತ್ರವಿದೆ. ಅದರ ಹೆಸರು ‘ದಿ ಎಕ್ಡಿಸಿಯಾಸ್ಟ್’. ಎಕ್ಡಿಸಿಸ್ ಎಂದರೆ ಪೊರೆ ಕಳಚುವುದು. ಈ ಪದವನ್ನು 1940ರಲ್ಲಿ ಅಮೆರಿಕದ ಪತ್ರಕರ್ತ ಮೆಂಕೆನ್ ರೂಪಿಸಿದ್ದು ರಂಗದ ಮೇಲೆ ಬಟ್ಟೆ ಕಳಚಿ ಕುಣಿಯುವ ನರ್ತಕಿಯರಿಗೆ ಗೌರವದ ಹೆಸರೊಂದು ಬೇಕೆಂದು. ಏಡಿ ಪಂಡಿತರು ಅದನ್ನು ನಗುನಗುತ್ತಲೇ ತಮ್ಮ ಪತ್ರಕ್ಕೆ ಇಟ್ಟುಕೊಂಡರು. ಗಾಂಭೀರ್ಯವೇ ವಿದ್ವತ್ತೆಂದು ತಿಳಿದ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ಹೆಸರಿಗೆ ಒಪ್ಪಿಗೆ ಸಿಗುತ್ತಿತ್ತೇ ಎಂಬುದು ಅನುಮಾನ.

ಇದಲ್ಲದೆ ಲೋಕದ ಕಠಿಣಚರ್ಮಿ ಸಂಘಗಳೆಲ್ಲ ಕೆಲವು ವರ್ಷಗಳಿಗೊಮ್ಮೆ ಸೇರುವ ಮಹಾಸಮ್ಮೇಳನವೊಂದಿದೆ. 1980ರಲ್ಲಿ ಸಿಡ್ನಿಯಿಂದ ಮೊದಲಾಗಿ ಲೈಡನ್, ಬ್ರಿಸ್ಬೇನ್, ಆಮ್‌ಸ್ಟರ್‌ಡ್ಯಾಮ್, ಮೆಲ್ಬರ್ನ್, ಗ್ಲಾಸ್ಗೊ, ಚಿಂಗ್‌ಡಾವ್, ಫ್ರಾಂಕ್‌ಫರ್ಟ್, ವಾಷಿಂಗ್ಟನ್‌ಗಳನ್ನು ದಾಟಿ 2023ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಹತ್ತನೆಯದು ನಡೆಯಿತು. ಈ ಹತ್ತರ ಪಟ್ಟಿಯಲ್ಲಿ ಭಾರತದ ಊರು ಒಂದೂ ಇಲ್ಲ.

ಇದನ್ನು ದೂರಿನಂತೆ ಹೇಳುತ್ತಿಲ್ಲ. ಇಂಥ ಸಂಘದ ಬೆಲೆ ಅದರ ಸಮ್ಮೇಳನಗಳ ಭವ್ಯತೆಯಲ್ಲಿ ಇಲ್ಲ. ಬಿಡದೆ ನಡೆಯುವುದರಲ್ಲಿ ಇದೆ. ಒಬ್ಬನು ಒಂದು ಹಳ್ಳದ ಏಡಿಗೆ ಹೆಸರಿಟ್ಟು ಅದರ ಕಾಲು, ಕೊಂಡಿ, ಹೊಟ್ಟೆಯ ಮಡಿಕೆಗಳ ಚಿತ್ರ ಬರೆದಿಟ್ಟರೆ, ನಲವತ್ತು ವರ್ಷಗಳ ಬಳಿಕ ಇನ್ನೊಬ್ಬನು ಅದೇ ಹಳ್ಳಕ್ಕೆ ಹೋಗಿ ಆ ಏಡಿ ಇದೆಯೋ ಇಲ್ಲವೋ ಎಂದು ಹೇಳಬಲ್ಲ. ಬರೆದಿಡದಿದ್ದರೆ, ಹೋದದ್ದು ಏನೆಂಬುದೇ ತಿಳಿಯದೆ ಅದು ಹೋಗಿರುತ್ತದೆ.

ಸಣ್ಣ ಜೀವಿಯ ಜ್ಞಾನದಿಂದ ಜನಸಾಮಾನ್ಯರಿಗೆ ಏನು ಬಂತು ಎಂದು ಕೇಳುವವರು ನಾರುಹುಣ್ಣನ್ನು ನೆನೆಯಬೇಕು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳನ್ನು ಕಾಡಿದ ಆ ರೋಗದ ಹುಳು ಮನುಷ್ಯನ ದೇಹ ಸೇರುತ್ತಿದ್ದುದು ಮೆಟ್ಟಿಲು ಬಾವಿಯ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಕಠಿಣಚರ್ಮಿಯ ಮೂಲಕ. ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಇಳಿಯದಂತೆ ಮಾಡುವುದು, ಕೊಳವೆಬಾವಿ ಕೊಡುವುದು, ಸೈಕ್ಲಾಪ್ಸ್‌ನ ನಿಯಂತ್ರಣ. ಇಷ್ಟರಿಂದಲೇ 1996ರ ಜುಲೈನಲ್ಲಿ ದೇಶದ ಕೊನೆಯ ಪ್ರಕರಣ ರಾಜಸ್ಥಾನದಲ್ಲಿ ಕಂಡುಬಂದು, 2000ದ ಫೆಬ್ರವರಿಯಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಸೈಕ್ಲಾಪ್ಸ್ ಎಷ್ಟು ದೊಡ್ಡದು, ಎಲ್ಲಿರುತ್ತದೆ, ಯಾವ ಬಟ್ಟೆಯ ಎಳೆಗಳ ನಡುವೆ ನುಸುಳಲಾರದು ಎಂಬುದನ್ನು ಯಾರೋ ಕುಳಿತು ನೋಡಿದ್ದರಿಂದ ಇದು ಸಾಧ್ಯವಾಯಿತು.

ಇನ್ನು ನಮ್ಮ ಏಡಿಗಳ ಕಥೆ. ದಖನ್ನಿನ ನೆಲದೇಡಿಯನ್ನು ಕುರಿತು ಕರ್ನಲ್ ಸೈಕ್ಸ್ 1836ರಷ್ಟು ಹಿಂದೆಯೇ ಬರೆದ. ಮೊಲದಂತೆ ಬಿಲ ತೋಡುವುದರಿಂದ ಅದಕ್ಕೆ ಕುನಿಕ್ಯುಲಾರಿಸ್ ಎಂಬ ಹೆಸರು ಬಂತು. ಈಗ ಅದು ಬ್ಯಾರಿಟೆಲ್ಫೂಸಾ ಕುನಿಕ್ಯುಲಾರಿಸ್. 1893ರಲ್ಲಿ ಮದರಾಸು ಕ್ರಿಶ್ಚಿಯನ್ ಕಾಲೇಜಿನ ಹೆಂಡರ್ಸನ್ ಭಾರತದ ಕಠಿಣಚರ್ಮಿಗಳ ಮೇಲೆ ದೀರ್ಘ ಪ್ರಬಂಧ ಪ್ರಕಟಿಸಿದರು. 1910ರಲ್ಲಿ ಕಲ್ಕತ್ತೆಯಿಂದ ಆಲ್ಕಾಕ್ ಅವರ ಭಾರತೀಯ ಸಿಹಿನೀರಿನ ಏಡಿಗಳ ಸೂಚಿಗ್ರಂಥ ಹೊರಬಂತು. ಮೂಲತಃ ವೈದ್ಯರಾಗಿದ್ದ ಆಲ್ಕಾಕ್ ‘ಇನ್‌ವೆಸ್ಟಿಗೇಟರ್’ ಹಡಗಿನಲ್ಲಿ ಕಡಲನ್ನು ಶೋಧಿಸಿ, ಬಳಿಕ ಇಂಡಿಯನ್ ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿದ್ದವರು. ಇಂದಿಗೂ ನಮ್ಮ ಹಳ್ಳದ ಏಡಿಯ ಹೆಸರು ಹುಡುಕುವವರು ಆ ಗ್ರಂಥವನ್ನು ತೆರೆಯದೆ ಮುಂದೆ ಹೋಗಲಾರರು.

ಅದೇ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಿಂದ ಇನ್ನೊಂದು ಪುಸ್ತಿಕೆ ಹೊರಬಂತು: ಕೆನಡಾದಿಂದ ಬಂದು ಇಲ್ಲಿ ನೆಲೆನಿಂತ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗವನ್ನು ಕುರಿತು ಬರೆದದ್ದು. ಬೋರ್ಡೊ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಆ ಕೆಲಸದ ಬೆನ್ನಲ್ಲಿ. ಕೊಳೆಯಿಂದ ಗೊನೆ ಪೂರ್ತಿ ಉದುರಿದ ಮನೆಗಳ ಬವಣೆ ಬಲ್ಲವರು ಕೋಲ್‌ಮನ್ನರಿಗೆ ಕೃತಜ್ಞರಾಗಿಯೇ ಇರಬೇಕು; ನಾವೂ ಇದ್ದೇವೆ. ಆದರೆ ಒಂದೇ ವರ್ಷ ಹೊರಬಂದ ಈ ಎರಡು ಪುಸ್ತಕಗಳು ಅಲ್ಲಿಂದ ಇಲ್ಲಿಯವರೆಗೆ ಒಂದನ್ನೊಂದು ಭೇಟಿಯಾಗಿಲ್ಲ. ಶೇಕಡಾ ಒಂದರ ಬೋರ್ಡೊಗೆ ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತ ಹಾಕುತ್ತೇವೆ. ಅದರಲ್ಲಿ ಸುಮಾರು 250 ಗ್ರಾಂ ಶುದ್ಧ ತಾಮ್ರ. ಮಳೆಗಾಲಕ್ಕೆ ಎರಡು ಬಾರಿ, ಕೆಲವೊಮ್ಮೆ ಮೂರು ಬಾರಿ ಸಿಂಪಡಣೆ. ತೋಟದ ಕಪ್ಪುಗಳಲ್ಲಿ ಹರಿಯುವ ನೀರು ಕೊನೆಗೆ ಸೇರುವುದು ಹಳ್ಳವನ್ನೇ. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ಕೆಲಸ ಮಾಡುವುದೂ ತಾಮ್ರವೇ. ಅದಕ್ಕೇ ಆ ರಕ್ತ ನೀಲಿ. ಬದುಕಿಗೆ ಬೇಕಾದ ಆ ಲೋಹವೇ ನೀರಿನಲ್ಲಿ ಮಿತಿಮೀರಿದರೆ ಕಠಿಣಚರ್ಮಿಗಳಿಗೆ ವಿಷ. ನೂರು ವರ್ಷಗಳ ಸಿಂಪಡಣೆಯ ಬಳಿಕ ತೋಟದ ಕೆಳಗಿನ ಹಳ್ಳದ ಏಡಿಗೂ, ತೋಟವಿಲ್ಲದ ಕಾಡುಹಳ್ಳದ ಏಡಿಗೂ ವ್ಯತ್ಯಾಸವೇನು? ಮಲೆನಾಡಿನ ಯಾವ ಕೃಷಿಕನಿಗೂ ಇದಕ್ಕೆ ಉತ್ತರ ಹೇಳಿದವರಿಲ್ಲ.

ಆಲ್ಕಾಕ್‌ರ ಬಳಿಕ ನಮ್ಮ ಏಡಿಗಳ ವಿಷಯದಲ್ಲಿ ದೀರ್ಘ ಮೌನ. ದಕ್ಷಿಣ ಭಾರತದ ಸಿಹಿನೀರಿನ ಏಡಿಗಳ ಸಮಗ್ರ ಪರಿಷ್ಕರಣೆ ಮತ್ತೆ ಬಂದದ್ದು 2007ರಲ್ಲಿ. ಬರೆದವರು ಬಾಹಿರ್ ಮತ್ತು ಯೊ, ಪ್ರಕಟವಾದದ್ದು ಸಿಂಗಪುರದಿಂದ. ಬಳಿಕ ಗತಿ ಚುರುಕಾಯಿತು. 2014ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪತಿ ಮತ್ತು ಶರ್ಮಾ ‘ಘಾಟಿಯಾನ’ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಹೆಸರು ನಮ್ಮ ಘಟ್ಟದ್ದೇ. 2017ರಲ್ಲಿ ಕೇರಳದ ಕಾಡಿನಲ್ಲಿ ಮರದ ಪೊಟರೆಯ ನೀರಿನಲ್ಲೇ ಬದುಕುವ ಉದ್ದ ಕಾಲಿನ ಏಡಿಗೆ ಅಲ್ಲಿನ ಕಾಣಿ ಜನರ ನೆನಪಿಗೆ ‘ಕಾಣಿ ಮರಂಞಂಡು’ ಎಂದು ಹೆಸರಾಯಿತು. 2022ರಲ್ಲಿ ಯಲ್ಲಾಪುರ ಸೀಮೆಯಿಂದ ಬಂದದ್ದು ‘ಘಾಟಿಯಾನ ದ್ವಿವರ್ಣ’. ಬಿಳಿ ಮತ್ತು ನೇರಳೆ ಬಣ್ಣದ ಆ ಏಡಿಯನ್ನು ಮೊದಲು ಗುರುತಿಸಿದವರು ಅಲ್ಲಿನ ಅರಣ್ಯ ಸಿಬ್ಬಂದಿ ಮತ್ತು ಸ್ಥಳೀಯ ನಿಸರ್ಗಪ್ರಿಯರು. ದೇಶಕ್ಕೆ ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷಗಳಾದ ಮೇಲೆ, ರಸ್ತೆ, ವಿದ್ಯುತ್ತು, ಅಣೆಕಟ್ಟು ಎಲ್ಲ ಬಂದ ಜಿಲ್ಲೆಯಲ್ಲಿ, ಕಣ್ಣು ಕುಕ್ಕುವ ಬಣ್ಣದ ಪ್ರಾಣಿಯೊಂದು ಅಲ್ಲಿಯವರೆಗೆ ಹೆಸರಿಲ್ಲದೆ ಇತ್ತು.

ಈ ತಡ ಏಕೆ ಅಪಾಯಕಾರಿ ಎಂಬುದು ಏಡಿಯ ಸಂಸಾರವನ್ನು ನೋಡಿದರೆ ತಿಳಿಯುತ್ತದೆ. ಕಡಲಿನ ಏಡಿ ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಮರಿಗಳನ್ನು ನೀರಿನ ಹರಿವಿಗೆ ಬಿಡುತ್ತದೆ. ಅವು ತೇಲುತ್ತ ದೂರ ದೂರ ಹಬ್ಬುತ್ತವೆ. ಸಿಹಿನೀರಿನ ಏಡಿಗೆ ತೇಲುಮರಿಯ ಹಂತವೇ ಇಲ್ಲ. ಮೊಟ್ಟೆಗಳು ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ಮೊಟ್ಟೆಯೊಳಗಿಂದಲೇ ಪೂರ್ಣರೂಪದ ಪುಟ್ಟ ಏಡಿ ಹೊರಬಂದು ತಾಯ ಹೊಟ್ಟೆಯ ಮಡಿಕೆಯಡಿ ಕೆಲವು ಕಾಲ ಇರುತ್ತದೆ. ಬಳಿಕ ಅದು ನಡೆದು ಹೋಗುವಷ್ಟೇ ದೂರ ಅದರ ಲೋಕ. ಹೀಗಾಗಿ ಒಂದು ಗುಡ್ಡದ ಏಡಿ ಇನ್ನೊಂದು ಗುಡ್ಡದ ಏಡಿಯಿಂದ ಸಾವಿರಾರು ತಲೆಮಾರು ಬೇರೆಯಾಗಿ ಉಳಿದು ಬೇರೆಯದೇ ಪ್ರಭೇದವಾಗಬಹುದು. ಒಂದು ಹಳ್ಳದಲ್ಲಿ ಸತ್ತದ್ದನ್ನು ಪಕ್ಕದ ಹಳ್ಳದಿಂದ ತುಂಬಿಸಲಾಗದು. (ಏಡಿ ತನ್ನ ಸಾವಿಗಾಗಿಯೇ ಗರ್ಭ ಧರಿಸುತ್ತದೆ ಎಂಬ ಕರ್ಕಟಗರ್ಭದ ಉಪಮೆ ನಮ್ಮ ಹಳೆಯ ಸಾಹಿತ್ಯದಲ್ಲಿ ಇದೆ. ಮರಿಗಳು ಹೊಟ್ಟೆ ಸೀಳಿ ಬರುತ್ತವೆ ಎಂಬ ಈ ನಂಬಿಕೆ ಸರಿಯಲ್ಲ. ಮಡಿಕೆ ತೆರೆದು ಮರಿಗಳನ್ನು ಬಿಟ್ಟ ತಾಯಿ ಬದುಕಿಯೇ ಇರುತ್ತದೆ. ಕಳಚಿಬಿದ್ದ ಖಾಲಿ ಚಿಪ್ಪನ್ನು ನೋಡಿದವರಿಗೆ ಹಾಗೆ ತೋರಿತೋ ಏನೋ, ಇದು ನಮ್ಮ ಊಹೆ ಮಾತ್ರ.)

ಲೋಕದ ಸಿಹಿನೀರಿನ ಏಡಿಗಳ ಸ್ಥಿತಿಯನ್ನು 2009ರಲ್ಲಿ ಮೊದಲ ಬಾರಿಗೆ ಒಟ್ಟಾಗಿ ಪರಿಶೀಲಿಸಿದಾಗ ಅಂದಿಗೆ ತಿಳಿದಿದ್ದ 1,280 ಪ್ರಭೇದಗಳಲ್ಲಿ 227 ಅಪಾಯದ ಅಂಚಿನಲ್ಲೋ ಅಪಾಯದಲ್ಲೋ ಇದ್ದವು. ಅದಕ್ಕಿಂತ ಮುಖ್ಯವಾದದ್ದು, ಸುಮಾರು ಅರ್ಧದಷ್ಟು ಪ್ರಭೇದಗಳ ಬಗ್ಗೆ ತೀರ್ಮಾನ ಹೇಳುವಷ್ಟು ಮಾಹಿತಿಯೇ ಇರಲಿಲ್ಲ. 2011ರಲ್ಲಿ ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಸಮೀಕ್ಷೆ ಬಂತು. ಮೀನು, ಮೃದ್ವಂಗಿ, ಕೊಡತಿ ಹುಳು, ಜಲಸಸ್ಯ ಸೇರಿ 1,146 ಜೀವಿಗಳು ಅದರಲ್ಲಿದ್ದವು. ಏಡಿ ಆ ನಾಲ್ಕರ ಗುಂಪಿಗೆ ಸೇರಿರಲಿಲ್ಲ. ಜೀವವೈವಿಧ್ಯ ಕಾಯಿದೆ 2002ರ ಅಡಿಯಲ್ಲಿ ಊರೂರಿಗೆ ದಾಖಲಾತಿ ಪುಸ್ತಕ ಮಾಡಬೇಕೆಂದಿದೆ. ನಾವು ಕಂಡ ಒಂದೆರಡು ಪುಸ್ತಕಗಳಲ್ಲಿ ಅಕ್ಕಿ ತಳಿಗಳಿಗೆ ಪುಟಗಟ್ಟಲೆ ಜಾಗವಿತ್ತು. ಜಲಚರದ ಪುಟದಲ್ಲಿ ‘ಏಡಿ’ ಎಂಬ ಒಂದೇ ಪದ. ಆ ಊರಿನ ಯಾವುದೇ ಅಜ್ಜಿಯನ್ನು ಕೇಳಿದ್ದರೆ ಗದ್ದೆಯೇಡಿ ಬೇರೆ, ಕಲ್ಲೇಡಿ ಬೇರೆ, ಕಾರೇಡಿ ಬೇರೆ, ಯಾವುದು ಸಾರಿಗೆ ಒಳ್ಳೆಯದು ಎಂಬಷ್ಟನ್ನಾದರೂ ಹೇಳುತ್ತಿದ್ದಳು.

ಲೆಕ್ಕವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲಿಯೇ ನೋವಿನ ಉದಾಹರಣೆಯೊಂದಿದೆ. 1975ರ ಸುಮಾರಿಗೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲುಗಳನ್ನು ಹಿಡಿದು ಜನರನ್ನು ಕುಳಿತಲ್ಲೇ ಕೂರಿಸಿದ ಕಾಯಿಲೆ ಬೆಳಕಿಗೆ ಬಂತು. ನರಳಿದವರು ಬಹುತೇಕ ಗದ್ದೆ ಕೂಲಿಯ ಬಡ ದಲಿತ ಕುಟುಂಬಗಳು. ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಕೀಟನಾಶಕ ಹೊಡೆದ ಗದ್ದೆಯಲ್ಲಿ ಸತ್ತು ತೇಲಿದ ಏಡಿ, ಮೀನು ತಿಂದದ್ದೇ ಕಾರಣವೆಂಬ ಶಂಕೆ ಆಗ ಬಲವಾಗಿತ್ತು. ನಂತರದ ವೈದ್ಯಕೀಯ ಸಂಶೋಧನೆಗಳು ಅದನ್ನು ವಂಶಪಾರಂಪರ್ಯದ ಮೂಳೆ-ಕೀಲಿನ ದೋಷವೆಂದು ಗುರುತಿಸಿದವು. ವೈದ್ಯರ ತೀರ್ಮಾನವನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಶಂಕೆಯ ದಿನಗಳಲ್ಲಿ ‘ಈ ಗದ್ದೆಯ ಏಡಿಯಲ್ಲಿ ಮೊದಲು ಇಷ್ಟು ಇತ್ತು, ಈಗ ಇಷ್ಟಿದೆ’ ಎಂದು ತೋರಿಸಬಲ್ಲ ಹಳೆಯ ದಾಖಲೆಯೊಂದು ಈ ಸೀಮೆಯಲ್ಲಿ ಇದ್ದಿದ್ದರೆ, ಆ ಕುಟುಂಬಗಳು ಸಂಶಯದಲ್ಲಿ ಕಳೆದ ವರ್ಷಗಳು ಕಡಿಮೆಯಾಗುತ್ತಿರಲಿಲ್ಲವೇ? ಅವರ ತಟ್ಟೆಯಲ್ಲಿದ್ದ ಏಕೈಕ ಅಗ್ಗದ ಪೌಷ್ಟಿಕ ಆಹಾರ ಏಡಿ. ಅದನ್ನು ತಿನ್ನಲೇ ಬೇಡವೇ ಎಂಬ ಪ್ರಶ್ನೆಗೆ ವಿಜ್ಞಾನದ ಬಳಿ ಆಗ ಏನೂ ಇರಲಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಕೃಷಿ ವಿಜ್ಞಾನದ ಪದವಿ ಮುಗಿಸಿದ ಹೊಸತರಲ್ಲಿ ರೈತರ ತರಬೇತಿಗಳಲ್ಲಿ ಮಾತಾಡುತ್ತಿದ್ದೆ. ಏಡಿ ಎಳೆಯ ಸಸಿಯನ್ನು ಬುಡದಲ್ಲಿ ಕತ್ತರಿಸುತ್ತದೆ, ಅಂಚಿಗೆ ತೂತು ಮಾಡಿ ನೀರು ಸೋರಿಸುತ್ತದೆ, ಎರಡೂ ನಿಜ. ಪರಿಹಾರವಾಗಿ ನಮಗೆ ಕಲಿಸಿದ್ದು ಒಂದೇ: ಬೇಯಿಸಿದ ಅನ್ನಕ್ಕೆ ಕೀಟನಾಶಕ ಬೆರೆಸಿ ಉಂಡೆ ಕಟ್ಟಿ ಬಿಲದ ಬಾಯಲ್ಲಿಡಿ, ಮಣ್ಣು ಮುಚ್ಚಿ. ಅದನ್ನೇ ನಾನೂ ಹೇಳಿದೆ, ಒಂದಲ್ಲ, ಹಲವು ಊರುಗಳಲ್ಲಿ. ಯಾವ ಏಡಿ ಎಂದು ನನಗೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಒಮ್ಮೆ ತರಬೇತಿಯ ಕೊನೆಗೆ ಹಿರಿಯರೊಬ್ಬರು, ‘ಉಂಡೆ ತಿಂದ ಏಡೀನ ನೀರುನಾಯಿ ತಿಂದರೆ?’ ಎಂದರು. ನಕ್ಕು ಬೇರೆ ಪ್ರಶ್ನೆಗೆ ಹೋದ ನೆನಪು. ನಮ್ಮ ಬೆಟ್ಟಹಳ್ಳಗಳ ಸಣ್ಣ ಉಗುರಿನ ನೀರುನಾಯಿಯ ಮುಖ್ಯ ಆಹಾರವೇ ಏಡಿ ಎಂಬುದನ್ನು ನಾನು ಓದಿದ್ದು ಅದಾಗಿ ಎಷ್ಟೋ ವರ್ಷಗಳ ಬಳಿಕ.

ಕಾಲ ಸ್ವಲ್ಪ ಬದಲಾಗಿದೆ. ಅಡಿಕೆ, ಏಲಕ್ಕಿ, ಬಾಳೆಯ ಬುಡಕ್ಕೆ ಹಿಡಿಗಟ್ಟಲೆ ಎರಚುತ್ತಿದ್ದ ಫೋರೇಟ್ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷಿದ್ಧವಾಯಿತು. ಕಾರ್ಬೊಫ್ಯೂರಾನ್‌ನ ಶೇಕಡಾ 3ರ ಹರಳನ್ನು ಉಳಿಸಿ ಮಿಕ್ಕ ರೂಪಗಳನ್ನೆಲ್ಲ 2023ರ ಆದೇಶ ತೆಗೆದುಹಾಕಿತು. ಆದರೆ ಅವುಗಳ ಜಾಗಕ್ಕೆ ಬಂದವುಗಳೂ ಏಡಿಗೆ ಮಿತ್ರರಲ್ಲ. ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳು ಹಕ್ಕಿಗೆ, ದನಕ್ಕೆ ಸೌಮ್ಯವೆಂದು ಹೆಸರಾದರೂ ಕಠಿಣಚರ್ಮಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಜಿಗಿಹುಳುವಿಗೆ ಹೊಡೆಯುವ ಬುಪ್ರೊಫೆಜಿನ್ ಕೀಟದ ಚರ್ಮದಲ್ಲಿ ಕೈಟಿನ್ ಕೂಡದಂತೆ ತಡೆದು ಕೆಲಸ ಮಾಡುವಂಥದ್ದು. ಏಡಿಯ ಚಿಪ್ಪಿನ ಚೌಕಟ್ಟೂ ಅದೇ ಕೈಟಿನ್. ಕೀಟ ಮತ್ತು ಏಡಿ ಹತ್ತಿರದ ಬಂಧುಗಳು. ಒಂದನ್ನು ಕೊಲ್ಲಲು ಮಾಡಿದ್ದು ಇನ್ನೊಂದರ ಮನೆಯ ಬಾಗಿಲನ್ನು ತಟ್ಟದೆ ಬಿಡುವುದಿಲ್ಲ. ಇದರ ಮೇಲೆ, ಗದ್ದೆಯನ್ನು ತೋಟ ಮಾಡುವ ಭರಾಟೆ ಮತ್ತು ಬೇಸಿಗೆಯಲ್ಲಿ ಹಳ್ಳದ ಕೊನೆಯ ಗುಂಡಿಗೂ ಪಂಪು ಇಳಿಸುವ ಅಭ್ಯಾಸ. ಮಾರ್ಚ್ ಬಳಿಕ ಆಳದ ತೇವದಲ್ಲಿ ಅಡಗಿ ಬದುಕುಳಿಯುವ ಏಡಿಗೆ ಆ ಗುಂಡಿಯೇ ಆಸರೆ.

ಅಂತರರಾಷ್ಟ್ರೀಯ ಸಂಘಗಳನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸಬೇಕೆಂದಲ್ಲ. ಅವುಗಳ ಸಮ್ಮೇಳನಕ್ಕೆ ಹೋಗುವ ವೆಚ್ಚ ನಮ್ಮ ಕಾಲೇಜಿನ ಅಧ್ಯಾಪಕರ ಅಳವಿಗೆ ಮೀರಿದ್ದು. ಪತ್ರಿಕೆಯ ಎಷ್ಟೋ ಲೇಖನಗಳಿಗೆ ಹಣದ ಬೀಗವಿದೆ. ಯಾರ ಹಳ್ಳದ ಏಡಿಯೋ ಅವರೇ ಅದನ್ನು ಓದಲಾರರು. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಏಡಿಯ ಮೇಲೆ ಪಿಎಚ್.ಡಿ. ಗಳಿಗೆ ಕೊರತೆಯಿಲ್ಲ, ಆದರೆ ಅವುಗಳಲ್ಲಿ ಬಹಳಷ್ಟು ತೊಟ್ಟಿಯಲ್ಲಿ ಇಟ್ಟ ಏಡಿಯ ಕಣ್ಣುಕಾಂಡವನ್ನೂ ರಕ್ತವನ್ನೂ ಪರೀಕ್ಷಿಸಿದವು. ಆ ಏಡಿ ತಂದ ಗದ್ದೆಯಲ್ಲಿ ಮರುವರ್ಷ ಎಷ್ಟು ಉಳಿದಿದ್ದವು ಎಂದು ನೋಡಲು ಹೋದವರು ವಿರಳ. ಅದು ಯಾರ ಬಡ್ತಿಗೂ ಬೇಕಾದ ಕೆಲಸವಲ್ಲ. ಹಾಗಾಗಿ ಅದು ನಮ್ಮಂಥವರ ಪಾಲಿಗೆ ಬಿದ್ದಿದೆ.

ಅವರ ವರ್ಷದ ಕಟ್ಟುಪಾಡಿನಿಂದ ನಾವು ಎರವಲು ತರಬಹುದಾದದ್ದು ಆ ಕಟ್ಟುಪಾಡನ್ನೇ. ಕಳೆದ ಸಭೆಯಲ್ಲಿ ಬಳಗ ಒಪ್ಪಿದ ಕ್ರಮ ಹೀಗಿದೆ. ಪ್ರತಿಯೊಂದು ಊರಿನ ಗುಂಪು ಎರಡು ಜಾಗ ಆಯ್ದುಕೊಳ್ಳಬೇಕು: ಒಂದು ತೋಟ ಅಥವಾ ಗದ್ದೆಯ ಕೆಳಗಿನ ಹಳ್ಳ, ಇನ್ನೊಂದು ಸಾಗುವಳಿ ಇಲ್ಲದ ಕಡೆಯದು. ಐವತ್ತು ಹೆಜ್ಜೆ ಉದ್ದ ಸಾಕು. ಆರ್ದ್ರಾ, ಮಘಾ ಮಳೆಗಳಲ್ಲಿ ಒಂದೊಂದು ಸಲ, ದೀಪಾವಳಿಯ ಬಳಿಕ ಒಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ ಒಮ್ಮೆ, ಅದೇ ಐವತ್ತು ಹೆಜ್ಜೆಯನ್ನು ಅದೇ ಹೊತ್ತಿನಲ್ಲಿ ನಡೆಯಬೇಕು. ಕಂಡ ಏಡಿಗಳ ಸಂಖ್ಯೆ, ಊರಿನಲ್ಲಿ ಕರೆಯುವ ಹೆಸರು, ಮರಿ ಹೊತ್ತವು ಎಷ್ಟು, ಸತ್ತವು ಎಷ್ಟು, ನೀರು ಇತ್ತೇ, ಹಿಂದಿನ ಹದಿನೈದು ದಿನಗಳಲ್ಲಿ ಮೇಲಿನ ಜಮೀನಿನಲ್ಲಿ ಏನು ಸಿಂಪಡಿಸಲಾಗಿತ್ತು, ಇಷ್ಟನ್ನು ಬರೆಯಬೇಕು. ಕೊನೆಯದನ್ನು ಬರೆಯುವಾಗ ನೆರೆಯವರ ಮೇಲೆ ದೂರು ಎಂದಾಗಬಾರದು. ಮೊದಲು ನಮ್ಮ ಜಮೀನಿನ ಸಿಂಪಡಣೆಯನ್ನು ಬರೆಯೋಣ. ನನ್ನ ತೋಟದ ಬೋರ್ಡೊ ತಾರೀಖುಗಳೂ ಅದರಲ್ಲಿ ಇರುತ್ತವೆ.

ಏಡಿಯನ್ನು ಹಿಡಿದು ಸೀಸೆಗೆ ತುಂಬುವ ಕೆಲಸ ನಮ್ಮದಲ್ಲ. ಕಾಡಿನಿಂದ ಮಾದರಿ ತರಲು ಅನುಮತಿ ಬೇಕು, ಅದು ಪ್ರಾಣಿ ಸರ್ವೇಕ್ಷಣೆಯ ತಜ್ಞರ ಹೊಣೆ. ಮೇಲಿನಿಂದ ಒಂದು, ಮುಖದ ಕಡೆಯಿಂದ ಒಂದು ಫೋಟೊ ಸಾಕು, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ. ಬಣ್ಣದ ಏಡಿಗಳು ಕಂಡರೆ ಜಾಗವನ್ನು ಊರ ಹೊರಗೆ ಸಾರಬೇಡಿ. ಗಾಜಿನ ತೊಟ್ಟಿಯಲ್ಲಿ ಇಟ್ಟು ಮಾರುವವರು ಓದುಗರ ಸಾಲಿನಲ್ಲೂ ಇರಬಹುದು. ಅಂಚಿನ ತೂತಿಗೆ ಉಂಡೆಯ ಬದಲು ಹಳೆಯ ಕ್ರಮದಂತೆ ಜೇಡಿ ಮೆತ್ತಿ ತುಳಿಯುವುದು, ಸಸಿ ಬಲಿತ ಬಳಿಕ ನಾಟಿ ಮಾಡುವುದು, ಹಿಡಿದು ಸಾರು ಮಾಡುವುದು ಇವುಗಳಲ್ಲಿ ಯಾವುದು ಎಷ್ಟು ಫಲ ಕೊಟ್ಟಿತು ಎಂಬುದನ್ನೂ ಬರೆಯಿರಿ. ಸಸಿ ನಷ್ಟವಾದರೆ ನಷ್ಟವಾಯಿತೆಂದೇ ಬರೆಯಿರಿ.

ಪುಸ್ತಕ ನೂರು ಪುಟದ ಸಾಮಾನ್ಯ ನೋಟುಬುಕ್ಕು. ಮೊದಲ ನಡಿಗೆ ಆರ್ದ್ರಾ ಮಳೆಯ ಮೊದಲ ಭಾನುವಾರ ರಾತ್ರಿ ಎಂಟಕ್ಕೆ. ಉಂಬಳಕ್ಕೆ ಸುಣ್ಣ-ಹೊಗೆಸೊಪ್ಪು ತರುವುದು ಮರೆಯಬೇಡಿ. ಟಾರ್ಚಿನ ಬ್ಯಾಟರಿಯನ್ನು ಬಳಗ ಕೊಡುತ್ತದೆ.